ಆ ಕಂದು ಬೀಜ ವಿಷವೂ ಹೌದು, ಊಟವೂ ಹೌದು

ಪ್ರಶ್ನೆ: ನಾವು ಮೈಸೂರಿನವರು. ಮಗಳು ಬ್ರಿಸ್ಬೇನ್‌ನಲ್ಲಿದ್ದಾಳೆ. ಹೋದ ಜುಲೈನಲ್ಲಿ ನಮ್ಮಿಬ್ಬರನ್ನೂ ಉತ್ತರ ಕ್ವೀನ್ಸ್‌ಲ್ಯಾಂಡಿನ ಮಾಸ್‌ಮನ್ ಗಾರ್ಜ್‌ಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿನ ಮೂಲನಿವಾಸಿಗಳಾದ ಕುಕು ಯಲಂಜಿ ಜನರೇ ಕಾಡಿನ ದಾರಿಯಲ್ಲಿ ನಡೆಸಿಕೊಂಡು ಹೋಗಿ ತಮ್ಮ ಗಿಡಮರಗಳನ್ನು ತೋರಿಸುತ್ತಾರೆ. ಒಂದು ಎಲೆಯನ್ನು ಉಜ್ಜಿ ಸೋಪಿನ ಹಾಗೆ ನೊರೆ ಬರಿಸಿದರು. ಒಂದು ಮರದ ಕೆಳಗೆ ದೊಡ್ಡ ಕಂದು ಬೀಜಗಳು ಬಿದ್ದಿದ್ದವು. ಒಂದನ್ನು ಜೇಬಿಗೆ ಹಾಕಿಕೊಳ್ಳಲು ಹೋದೆ, ಮಗಳು ಬೈದಳು. ಗೈಡ್ ನಕ್ಕು, "ಇದು ವಿಷ, ಆದರೆ ನಮ್ಮ ಅಜ್ಜಿಯರು ಇದರಲ್ಲೇ ಊಟ ಮಾಡಿ ಕೊಡುತ್ತಿದ್ದರು" ಎಂದರು. ಎರಡೂ ಹೇಗೆ ಸಾಧ್ಯ? ಕೆಲವು ಪ್ರಶ್ನೆಗಳಿಗೆ "ಅದನ್ನು ನಾನು ಹೇಳುವ ಹಾಗಿಲ್ಲ" ಎಂದು ಮುಂದೆ ಹೋಗಿಬಿಟ್ಟರು. ಗೊತ್ತಿಲ್ಲದ್ದಕ್ಕೆ ಹಾಗೆ ಹೇಳಿದರಾ? ಈ ಔಷಧಗಳು ನಿಜವಾಗಿ ಕೆಲಸ ಮಾಡುತ್ತವಾ? ಈ ಗಿಡಗಳನ್ನು ನಮ್ಮ ಕಡೆ ಬೆಳೆಸಬಹುದಾ?

ಉತ್ತರ: ನಿಮ್ಮ ಮಗಳು ಬೈದದ್ದು ಒಳ್ಳೇದಾಯಿತು. ಅದು ರಾಷ್ಟ್ರೀಯ ಉದ್ಯಾನ, ಅಲ್ಲಿಂದ ಬೀಜ, ಎಲೆ ಯಾವುದನ್ನೂ ತರುವಂತಿಲ್ಲ. ತಂದಿದ್ದರೂ ಇಲ್ಲಿ ವಿಮಾನ ಇಳಿದ ಮೇಲೆ ಬೀಜಕ್ಕೆ ಬೇರೆಯೇ ಪರವಾನಗಿ ಬೇಕು. ಅದಿರಲಿ. ನೀವು ಕೇಳಿದ ನಾಲ್ಕು ಪ್ರಶ್ನೆಗಳಿಗೂ ಉತ್ತರ ಆ ಬೀಜದಲ್ಲೇ ಇದೆ, ಅದಕ್ಕೇ ಅಲ್ಲಿಂದ ಶುರು ಮಾಡುತ್ತೇನೆ.

ಆ ಮರವನ್ನು ಬ್ಲ್ಯಾಕ್ ಬೀನ್ ಎನ್ನುತ್ತಾರೆ. ಸಸ್ಯಶಾಸ್ತ್ರದ ಹೆಸರು ಕ್ಯಾಸ್ಟನೊಸ್ಪರ್ಮಮ್ ಆಸ್ಟ್ರೇಲ್. ನಮ್ಮ ತೊಗರಿ, ಅವರೆ, ಹೊಂಗೆ ಎಲ್ಲ ಸೇರುವ ಕುಟುಂಬದ್ದೇ ಮರ, ಗಾತ್ರ ಮಾತ್ರ ದೈತ್ಯ. ಕೊಂಬೆಗೇ ಅಂಟಿಕೊಂಡು ಕಿತ್ತಳೆ-ಕೆಂಪು ಹೂ ಬಿಡುತ್ತದೆ. ಕಾಯಿ ಒಂದು ಗೇಣು ಉದ್ದ, ಚಿಕ್ಕ ದೋಣಿಯಂತೆ ಉಬ್ಬಿರುತ್ತದೆ, ಒಳಗೆ ಮೂರೋ ನಾಲ್ಕೋ ಐದೋ ಬೀಜ. ಕೈಯಲ್ಲಿ ಹಿಡಿದರೆ ನುಣ್ಣಗೆ, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ. ನೋಡಿದರೆ ಸುಟ್ಟು ತಿನ್ನೋಣ ಅನ್ನಿಸುವಂತೆಯೇ ಇದೆ. ಹಸಿಯಾಗಿ ತಿಂದರೆ ವಾಂತಿ, ಭೇದಿ ಗ್ಯಾರಂಟಿ. ದನ ತಿಂದರೆ ಸಾಯುವುದೂ ಉಂಟು.

ಒಳಗಿರುವ ವಿಷಗಳಲ್ಲಿ ಮುಖ್ಯವಾದದ್ದು ಕ್ಯಾಸ್ಟನೊಸ್ಪರ್ಮಿನ್. 1981ರಲ್ಲಿ ಅದನ್ನು ಬೇರ್ಪಡಿಸಿ ಹೆಸರಿಟ್ಟರು. ನಮ್ಮ ಹೊಟ್ಟೆಯಲ್ಲಿ ಪಿಷ್ಟ, ಸಕ್ಕರೆಗಳನ್ನು ಒಡೆಯುವ ಕಿಣ್ವಗಳನ್ನು ಇದು ಕೆಲಸ ಮಾಡಲು ಬಿಡುವುದಿಲ್ಲ. ಆಮೇಲೆ ಎಚ್‌ಐವಿ ಸೇರಿದಂತೆ ಕೆಲವು ವೈರಸ್‌ಗಳ ಮೇಲೆ ಇದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ಆದರೆ ಅಜ್ಜಿಯರಿಗೆ ಮುಖ್ಯವಾದದ್ದು ಅದಕ್ಕಿರುವ ಇನ್ನೊಂದು ಗುಣ. ಅದು ನೀರಿನಲ್ಲಿ ಕರಗುತ್ತದೆ. ಅಷ್ಟೇ. ಇಡೀ ಅಡುಗೆ ನಿಂತಿರುವುದೇ ಆ ಒಂದು ಗುಣದ ಮೇಲೆ.

ಹೆಂಗಸರು ಬೀಜ ಆರಿಸಿ ತಂದು ನೆಲದಲ್ಲಿ ತೋಡಿದ ಗುಂಡಿಯಲ್ಲಿ, ಕಾದ ಕಲ್ಲಿನ ಮೇಲೆ ಎಲೆ ಹಾಸಿ, ಮಣ್ಣು ಮುಚ್ಚಿ ಬೇಯಿಸುತ್ತಿದ್ದರು. ಆಮೇಲೆ ಹೆಚ್ಚುವುದು. ಇದಕ್ಕೆ ಬಸವನಹುಳುವಿನ ಚಿಪ್ಪಿನ ಅಂಚನ್ನು ಉಪಯೋಗಿಸಿ ಸಣ್ಣಗೆ, ತೆಳ್ಳಗೆ ತುರಿಯುತ್ತಿದ್ದರು. ತೆಳ್ಳಗಾದಷ್ಟೂ ನೀರಿಗೆ ತಾಗುವ ಜಾಗ ಜಾಸ್ತಿ, ವಿಷ ಬೇಗ ಇಳಿಯುತ್ತದೆ. ಆ ತುರಿಯನ್ನು ಬುಟ್ಟಿಗೆ ತುಂಬಿ ಹರಿಯುವ ತೊರೆಯಲ್ಲಿ ಇಡುವುದು. ನಿಂತ ನೀರಾದರೆ ಆಗುವುದಿಲ್ಲ, ಹರಿಯುತ್ತಲೇ ಇರಬೇಕು. ಕೆಲವು ಕಡೆ ಮೂರ್ನಾಲ್ಕು ದಿನ, ಕೆಲವು ಕಡೆ ವಾರಕ್ಕೂ ಮೇಲೆ. ಕೊನೆಗೆ ಉಳಿಯುವುದು ಹೆಚ್ಚು ರುಚಿಯಿಲ್ಲದ, ಹೊಟ್ಟೆ ತುಂಬಿಸುವ ಪಿಷ್ಟ. ಹಾಗೇ ಮುದ್ದೆ ಮಾಡಿ ತಿನ್ನಬಹುದು, ಕುಟ್ಟಿ ರೊಟ್ಟಿಯ ಹಾಗೆ ಸುಡಲೂಬಹುದು.

ಬುಟ್ಟಿಯ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ನೀವು ನಡೆದ ದಾರಿಯಲ್ಲಿ ಬಟ್ಟೆಗೆ ಕೊಕ್ಕೆ ಹಾಕಿ ಎಳೆಯುವ ಒಂದು ಮುಳ್ಳು ಬಳ್ಳಿ ಇತ್ತಲ್ವಾ? ಅಲ್ಲಿಯವರು ಅದನ್ನು ತಮಾಷೆಗೆ "ವೇಟ್ ಎ ವೈಲ್", ಅಂದರೆ "ಸ್ವಲ್ಪ ನಿಲ್ಲು" ಎಂದು ಕರೆಯುತ್ತಾರೆ, ಏಕೆಂದರೆ ಸಿಕ್ಕಿಹಾಕಿಕೊಂಡರೆ ನಿಂತು ಬಿಡಿಸಿಕೊಳ್ಳದೆ ಗತಿಯಿಲ್ಲ. ಅದು ನಮ್ಮ ಮಲೆನಾಡಿನ ಬೆತ್ತದ ಕುಲದ್ದೇ. ಅದನ್ನು ಸೀಳಿ ಆ ಮಳೆಕಾಡಿನ ಜನ ಒಂದು ವಿಚಿತ್ರ ಬುಟ್ಟಿ ಹೆಣೆಯುತ್ತಾರೆ. ತಳದಲ್ಲಿ ಎರಡು ಮೂಲೆ ಕೊಂಬಿನ ಹಾಗೆ ಚೂಪಾಗಿ ಇಳಿದಿರುತ್ತವೆ. ಹಿಡಿಯನ್ನು ಹಣೆಗೆ ಸಿಕ್ಕಿಸಿಕೊಂಡು ಬೆನ್ನ ಮೇಲೆ ಹೊತ್ತುಕೊಳ್ಳಬಹುದು, ತೊರೆಯಲ್ಲಿ ಇಟ್ಟರೆ ನೀರು ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆ ಹೋಗುತ್ತದೆ. ಮ್ಯೂಸಿಯಂನಲ್ಲಿ ಗಾಜಿನೊಳಗೆ ನೋಡಿದಾಗ ಎಷ್ಟು ಚೆಂದದ ಕುಸುರಿ ಅಂದುಕೊಂಡಿದ್ದೆ. ಅದು ಅಡುಗೆಮನೆಯ ಜರಡಿ ಎಂದು ಹೊಳೆದದ್ದು ಆ ತೊರೆಯ ಪಕ್ಕ ನಿಂತಾಗ.

ಇಲ್ಲಿ 250 ವರ್ಷ ಹಿಂದಿನ ಒಂದು ಕಥೆ ಹೇಳಲೇಬೇಕು. 1770ರ ಜೂನ್‌ನಲ್ಲಿ ಕ್ಯಾಪ್ಟನ್ ಕುಕ್‌ನ ಹಡಗು ಹವಳದ ದಿಬ್ಬಕ್ಕೆ ಬಡಿದು ತೂತಾಯಿತು. ಮಾಸ್‌ಮನ್‌ನಿಂದ ಉತ್ತರಕ್ಕೆ, ಈಗಿನ ಕುಕ್‌ಟೌನ್ ಇರುವ ನದಿಯ ದಡಕ್ಕೆ ಅದನ್ನು ಎಳೆದುಕೊಂಡು ಹೋಗಿ ಸುಮಾರು ಏಳು ವಾರ ರಿಪೇರಿ ಮಾಡಿದರು. ಹಡಗಿನಲ್ಲಿ ಜೋಸೆಫ್ ಬ್ಯಾಂಕ್ಸ್ ಎಂಬ ಸಸ್ಯತಜ್ಞ ಬೇರೆ ಇದ್ದ. ಸ್ಥಳೀಯರು ಬೆಂಕಿ ಹಾಕಿದ ಜಾಗಗಳಲ್ಲಿ ಸೈಕಾಡ್ ಎಂಬ ಗಿಡದ ಕಾಯಿಸಿಪ್ಪೆಗಳು ರಾಶಿ ಬಿದ್ದಿದ್ದವು. ಇವರು ತಿನ್ನುತ್ತಾರೆ, ಹಾಗಾದರೆ ನಾವೂ ತಿನ್ನಬಹುದು ಎಂದು ನಾವಿಕರು ತಿಂದರು. ಮೇಲಿಂದಲೂ ಕೆಳಗಿಂದಲೂ ಕಿತ್ತುಕೊಂಡು ಹೋಯಿತು. ಹಂದಿಗಳಿಗೆ ಹಾಕಿದರು, ಅವುಗಳಲ್ಲಿ ಕೆಲವು ಸತ್ತವು. ಸಿಪ್ಪೆ ಕಣ್ಣಿಗೆ ಬಿತ್ತು, ಸಿಪ್ಪೆ ಸುಲಿದ ಮೇಲೆ ನಡೆಯುತ್ತಿದ್ದ ಕೆಲಸ ಬೀಳಲಿಲ್ಲ. ಸೈಕಾಡ್ ಕಾಯಿಯನ್ನೂ ಬ್ಲ್ಯಾಕ್ ಬೀನ್‌ನ ಹಾಗೇ ಕುಟ್ಟಿ, ನೆನೆಸಿ, ವಿಷ ಇಳಿಸಿಯೇ ತಿನ್ನಬೇಕು.

ನಾನು ಹೇಳಬೇಕೆಂದಿರುವುದು ಇಷ್ಟೇ. ಈ ದಾರಿಯಲ್ಲಿ ತೋರಿಸುವ ಜ್ಞಾನ ಗಿಡದೊಳಗೆ ಕೂತಿಲ್ಲ. ಎಷ್ಟು ದಿನ, ಯಾವ ನೀರು, ಯಾವ ಚಿಪ್ಪು, ಯಾರ ಕೈ, ಯಾವ ತಿಂಗಳು ಅನ್ನುವುದರಲ್ಲಿ ಇದೆ. ನಾನು ಮೊದಲ ಸಲ ಆ ದಾರಿಯಲ್ಲಿ ನಡೆದಾಗ ನೋಟ್‌ಬುಕ್ ಹಿಡಿದು "ಗಿಡದ ಹೆಸರು, ಭಾಗ, ಉಪಯೋಗ" ಎಂದು ಮೂರು ಕಾಲಂ ಹಾಕಿಕೊಂಡು ಬರೆದೆ. ಪಾಠ ಹೇಳುವವನ ಚಟ. ಮನೆಗೆ ಬಂದು ನೋಡಿದರೆ "ಬ್ಲ್ಯಾಕ್ ಬೀನ್, ಬೀಜ, ಆಹಾರ" ಎಂದಿತ್ತು! ಅದನ್ನು ನಂಬಿ ಯಾರಾದರೂ ತಿಂದಿದ್ದರೆ ಆಸ್ಪತ್ರೆ ಸೇರುತ್ತಿದ್ದರು. ಎರಡನೇ ಸಲ ನೋಟ್‌ಬುಕ್ ಬ್ಯಾಗಿನಿಂದ ತೆಗೆಯಲೇ ಇಲ್ಲ.

ಇದೇನು ನಮಗೆ ತೀರಾ ಹೊಸದಲ್ಲ. ಪತ್ರೊಡೆಗೆ ಹುಣಸೆಹುಳಿ ಕಡಿಮೆಯಾದರೆ ಗಂಟಲು ಕೆರೆಯುತ್ತದೆ ಎಂದು ಕರಾವಳಿಯ ಯಾವ ಮನೆಯಲ್ಲೂ ಹೇಳಿಕೊಡಬೇಕಾಗಿಲ್ಲ. ಕೆಸುವಿನಲ್ಲಿ ಇರುವುದು ಸೂಜಿಯಂಥ ಸಣ್ಣ ಸಣ್ಣ ಹರಳುಗಳು. ಕಹಿಗೆಣಸನ್ನು ಹೋಳು ಮಾಡಿ ಹರಿಯುವ ನೀರಿನಲ್ಲಿಟ್ಟು ತಿನ್ನುವುದು ನಮ್ಮ ಘಟ್ಟದ ಕಾಡಿನ ಜನಕ್ಕೂ ಗೊತ್ತು. ಅಂಥ ಒಂದು ಗೆಣಸು, ಬಳ್ಳಿಯ ಮೇಲೇ ಆಲೂಗಡ್ಡೆಯಂಥ ಕಾಯಿ ಬಿಡುತ್ತದಲ್ಲ, ಅದೇ ಜಾತಿ ಉತ್ತರ ಆಸ್ಟ್ರೇಲಿಯಾದ ಕಾಡಿನಲ್ಲೂ ಇದೆ, ಅಲ್ಲೂ ಅದನ್ನು ತುರಿದು ತೊಳೆದೇ ತಿನ್ನುವುದು. ಒಬ್ಬರನ್ನೊಬ್ಬರು ನೋಡಿರದ ಎರಡು ಕಡೆಯ ಹೆಂಗಸರು ಒಂದೇ ಉಪಾಯ ಕಂಡುಕೊಂಡಿದ್ದಾರೆ.

ಬ್ಲ್ಯಾಕ್ ಬೀನ್ ಬಗ್ಗೆ ಇನ್ನೊಂದು ಮಾತು, ನನಗೆ ತುಂಬಾ ಇಷ್ಟವಾದದ್ದು. ಇಷ್ಟು ದೊಡ್ಡ, ಇಷ್ಟು ವಿಷದ ಬೀಜವನ್ನು ಯಾವ ಹಕ್ಕಿಯೂ ನುಂಗಿ ಸಾಗಿಸುವುದಿಲ್ಲ. ನೀರಿನಲ್ಲಿ ತೇಲಿ ಹೋಗುತ್ತದೆ ನಿಜ, ಆದರೆ ನೀರು ಇಳಿಜಾರಿಗೆ ಹೋಗುತ್ತದೆಯೇ ಹೊರತು ಗುಡ್ಡ ಹತ್ತುವುದಿಲ್ಲ. ಆದರೂ ನ್ಯೂ ಸೌತ್ ವೇಲ್ಸ್‌ನ ಉತ್ತರ ಭಾಗದಲ್ಲಿ ಗುಡ್ಡದ ನೆತ್ತಿಯ ಮೇಲೆಲ್ಲ ಈ ಮರ ಇದೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಂಶೋಧಕರು ಆ ಮರಗಳ ಡಿಎನ್‌ಎ ನೋಡಿದಾಗ, ಬೇರೆ ಬೇರೆ ನದಿಕಣಿವೆಯ ಮರಗಳೂ ಒಂದೇ ಮೂಲದವು ಎಂದು ಕಂಡಿತು. ಅಲ್ಲಿನ ಮೂಲನಿವಾಸಿಗಳ ಹಾಡಿನ ದಾರಿಗಳಲ್ಲಿ, ಅಂದರೆ ಪೂರ್ವಜರು ನಡೆದ ದಾರಿಯನ್ನು ಹಾಡಾಗಿ ನೆನಪಿಟ್ಟುಕೊಂಡಿರುವ ಕಥನಗಳಲ್ಲಿ, ಪೂರ್ವಜನೊಬ್ಬ ಈ ಬೀಜ ಹೊತ್ತು ಗುಡ್ಡಗಳ ಕಡೆ ಹೋದ ಕಥೆ ಇದೆ. ಡಿಎನ್‌ಎ ಹೇಳಿದ್ದೂ ಹಾಡು ಹೇಳಿದ್ದೂ ತಾಳೆಯಾಯಿತು. ಜನರೇ ಹೊತ್ತು ತಂದು ನೆಟ್ಟ ಮರಗಳು ಅವು. ಯುರೋಪಿನವರು ಬಂದು "ಮನುಷ್ಯ ಮುಟ್ಟದ ಕಾಡು" ಎಂದು ಬರೆದುಕೊಂಡರು, ಪಾಪ.

ಈಗ ಆ ನೊರೆಯ ಎಲೆ. ಅದು ಆಲ್ಫಿಟೋನಿಯಾ ಎಂಬ ಮರದ್ದು, ನಮ್ಮ ಬೋರೆಹಣ್ಣಿನ ಕುಟುಂಬ. ಎಲೆಯ ಮೇಲ್ಭಾಗ ಕಡುಹಸಿರು, ಕೆಳಭಾಗ ಬೆಳ್ಳಗೆ. ಗೈಡ್ ನನ್ನ ಕೈಗೂ ನಾಲ್ಕು ಎಲೆ ಕೊಟ್ಟು ತೊರೆಯಲ್ಲಿ ಕೈ ಅದ್ದಲು ಹೇಳಿದರು. ಮೊದಲು ಏನೂ ಆಗಲಿಲ್ಲ, ಬರೀ ಹಸಿರು ರಸ. ನಾನು ನಿಧಾನಕ್ಕೆ ಉಜ್ಜುತ್ತಿದ್ದೆ. "ಸಿಟ್ಟು ಬಂದ ಹಾಗೆ ಉಜ್ಜಿ" ಎಂದರು. ಅಂಗೈ ಬಿಸಿಯಾಗುವಷ್ಟು ಉಜ್ಜಿದ ಮೇಲೆ ಬೆರಳ ಸಂದಿಯಿಂದ ಬಿಳಿ ನೊರೆ ಉಕ್ಕಿ ಬಂತು. ತೊಳೆದಾಗ ಆಗಷ್ಟೇ ಕೈಗೆ ಬಳಿದಿದ್ದ ಕೆಮ್ಮಣ್ಣು ಪೂರ್ತಿ ಹೋಯಿತು. ಇದರಲ್ಲಿ ಗುಟ್ಟೇನಿಲ್ಲ, ಅಂಟುವಾಳ, ಸೀಗೆಯಲ್ಲಿ ಇರುವ, ನೊರೆ ಬರಿಸುವ ಸಪೋನಿನ್ ಇದರಲ್ಲೂ ಇದೆ. ನೀವು ಅಂಟುವಾಳದಲ್ಲಿ ರೇಷ್ಮೆಸೀರೆ ತೊಳೆದವರಾದರೆ ಈ ಎಲೆ ಕೆಲಸ ಮಾಡುತ್ತದಾ ಎಂದು ನನ್ನನ್ನು ಕೇಳಬೇಕಾಗಿಲ್ಲ.

ಉಳಿದ ಔಷಧಗಳ ವಿಷಯದಲ್ಲಿ ಉತ್ತರ ಇಷ್ಟು ಸುಲಭವಲ್ಲ. ಹೃದಯದಾಕಾರದ ಎಲೆಯ ಒಂದು ಗಿಡದಿಂದ ದೂರ ಇರಿ ಎಂದು ಗದರಿಸಿ ಹೇಳಿದ್ದರಲ್ಲ, ಜಿಂಪಿ ಜಿಂಪಿ? ನಮ್ಮ ತುರಿಕೆ ಗಿಡದ ದೊಡ್ಡಣ್ಣ. ಅದೇ ಕುಲದ ಇನ್ನೊಂದು ಗಿಡ ಪಶ್ಚಿಮ ಘಟ್ಟದಲ್ಲೂ ಇದೆ. ಮೈತುಂಬ ಗಾಜಿನಂಥ ಸಣ್ಣ ಕೂದಲು, ಚುಚ್ಚಿದರೆ ಅಲ್ಲೇ ಮುರಿದು ಉಳಿಯುತ್ತದೆ. ನೋವು ತಿಂಗಳುಗಟ್ಟಲೆ ಬಂದು ಹೋಗುವುದುಂಟು. 2020ರಲ್ಲಿ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಆ ವಿಷದ ರಚನೆ ಕಂಡುಹಿಡಿದರು, ಅದು ಜೇಡ ಮತ್ತು ಶಂಕುಹುಳುವಿನ ವಿಷದ ಹಾಗಿದೆ. ಇದರ ಪಕ್ಕದಲ್ಲೇ ಬೆಳೆಯುವ ಕುಂಜಿವೊಯ್ ಎಂಬ ಕಾಡುಕೆಸುವಿನ ರಸ ಹಚ್ಚಿದರೆ ನೋವು ಇಳಿಯುತ್ತದೆ ಎಂಬ ಮಾತು ಅಲ್ಲಿ ಎಲ್ಲರ ಬಾಯಲ್ಲೂ ಇದೆ. ನನ್ನ ಅಭಿಪ್ರಾಯ ಕೇಳಿದರೆ, ಇದಕ್ಕೆ ಪುರಾವೆ ಇಲ್ಲ, ಮೇಲಾಗಿ ಆ ಕೆಸುವೂ ತುರಿಸುವಂಥದ್ದೇ. ಈಗ ಅಲ್ಲಿನ ವೈದ್ಯರು ಮಾಡುವುದು ಬೇರೆ. ಕಾಲಿನ ರೋಮ ಕೀಳುವ ವ್ಯಾಕ್ಸ್ ಪಟ್ಟಿ ಅಂಟಿಸಿ ಆ ಸೂಜಿಗಳನ್ನು ಎಳೆದು ತೆಗೆಯುತ್ತಾರೆ.

ಹಸಿರು ಇರುವೆ ಗಿಡವಲ್ಲ, ಆದರೂ ಹೇಳಿಬಿಡುತ್ತೇನೆ. ಎಲೆ ಹೊಲಿದು ಗೂಡು ಕಟ್ಟಿದ್ದ ಇರುವೆಯನ್ನು ಹಿಡಿದು ಅದರ ಹಿಂಭಾಗ ನೆಕ್ಕಿ ನೋಡಿ ಎಂದಿರುತ್ತಾರೆ. ನಿಂಬೆಹುಳಿ. ಮುಷ್ಟಿಯಲ್ಲಿ ಉಜ್ಜಿ ಮೂಸಿದರೆ ಕಟ್ಟಿದ ಮೂಗು ಬಿಡುತ್ತದೆ, ಶೀತಕ್ಕೆ ಅದೇ ಮದ್ದು. ಅದು ನಮ್ಮ ಚಗಳಿ! ಒಂದೇ ಜಾತಿ, ಇಲ್ಲಿ ಕೆಂಪಗೆ, ಅಲ್ಲಿ ಹೊಟ್ಟೆ ಹಸಿರು. ಮಲೆನಾಡಿನಲ್ಲಿ ಚಗಳಿ ಚಟ್ನಿ ತಿಂದು ಬೆಳೆದವರು ಆ ಕಾಡಿಗೆ ಹೋದರೆ ಗೈಡ್‌ಗೇ ಎರಡು ಮಾತು ಹೇಳಬಹುದು. ಅತ್ತಿಮರವೂ ಹಾಗೆಯೇ. ಕಾಂಡಕ್ಕೇ ಗೊಂಚಲು ಗೊಂಚಲು ಕೆಂಪು ಹಣ್ಣು ಬಿಟ್ಟ ಮರ ತೋರಿಸಿದ್ದರೆ ಅದು ನಮ್ಮ ಅತ್ತಿಯೇ, ಹೋಲುವ ಮರವಲ್ಲ, ಅದೇ. ಭಾರತದಿಂದ ಉತ್ತರ ಆಸ್ಟ್ರೇಲಿಯಾದವರೆಗೆ ತಾನಾಗಿ ಬೆಳೆಯುವ ಮರ. ಅವರೂ ಹಣ್ಣು ತಿನ್ನುತ್ತಾರೆ. ಕೆತ್ತಿ ನೋಡಿದರೆ ಹುಳ ಅಲ್ಲಿಯೂ ಇರುತ್ತದೆ ಬಿಡಿ.

ಇನ್ನೊಂದು ಮರವೂ ಎರಡು ಕಡೆ ಇದೆ, ತುಳುನಾಡಿನವರು ಆಟಿ ಅಮಾವಾಸ್ಯೆಗೆ ಕಷಾಯ ಮಾಡಿ ಕುಡಿಯುವ ಹಾಲೆಮರ. ನೀವು ನಡೆದ ಮಾಸ್‌ಮನ್ ಗಾರ್ಜ್ ಸೇರಿದ ಡೇನ್‌ಟ್ರೀ ಕಾಡಿನಲ್ಲಿ ಅದಕ್ಕೆ ಮಿಲ್ಕಿ ಪೈನ್ ಎನ್ನುತ್ತಾರೆ. ಇದನ್ನು ಯಾಕೆ ಎತ್ತಿದೆ ಅಂದರೆ, ಆಟಿ ಕಷಾಯದ ತೊಗಟೆಯನ್ನು ಬೆಳಕು ಹರಿಯುವ ಮೊದಲು, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತರಬೇಕು, ಮರ ಗೊತ್ತಿರುವವರೇ ಹೋಗಬೇಕು ಎಂದು ಹಿರಿಯರು ಕಟ್ಟು ಮಾಡಿದ್ದರು. ಕತ್ತಲಲ್ಲಿ ಮರ ಗುರುತು ಹಿಡಿಯುವವನಿಗೆ ಮಾತ್ರ ಆ ಕೆಲಸ. ಗೊತ್ತಿಲ್ಲದವರು ಬೇರೆ ಮರದ ತೊಗಟೆ ತಂದು ಕುಡಿದು ಆಸ್ಪತ್ರೆ ಸೇರಿದ ಸುದ್ದಿ ನೀವೂ ಓದಿರುತ್ತೀರಿ. ಔಷಧ ಕೆಲಸ ಮಾಡುತ್ತದಾ ಅನ್ನುವ ಪ್ರಶ್ನೆಗೆ ಮೊದಲು, ಯಾರು ತಂದರು, ಯಾರು ಕುದಿಸಿದರು ಅನ್ನುವ ಪ್ರಶ್ನೆ ಇದೆ.

"ಹೇಳುವ ಹಾಗಿಲ್ಲ" ಎಂದ ವಿಷಯಕ್ಕೆ ಬರುತ್ತೇನೆ. ಗೊತ್ತಿಲ್ಲದೆ ಹೇಳಿದ್ದಲ್ಲ. ಅವರಲ್ಲಿ ಕೆಲವು ತಿಳಿವಳಿಕೆ ಗಂಡಸರದು, ಕೆಲವು ಹೆಂಗಸರದು, ಕೆಲವು ಒಂದು ಮನೆತನದ್ದು. ಗಂಡಸು ಗೈಡ್‌ಗೆ ಹೆಂಗಸರ ಮದ್ದು ಗೊತ್ತಿದ್ದರೂ ನಿಮಗೆ ಹೇಳುವ ಅಧಿಕಾರ ಅವನಿಗಿಲ್ಲ. ನಮ್ಮಲ್ಲಿ ನಾಟಿವೈದ್ಯರು ಸರ್ಪಸುತ್ತಿನ ಮದ್ದನ್ನು ಮಗನಿಗೆ ಮಾತ್ರ ಹೇಳಿಕೊಟ್ಟು ಬೇರೆಯವರಿಗೆ ಬಾಯಿ ಬಿಡದಿದ್ದರೆ ನಾವು ಗೊಣಗುತ್ತೇವೆ. ಆದರೆ ಹೊರಗಿನವರಿಗೆ ಹೇಳಿದ್ದು ಆಮೇಲೆ ಯಾರ ಹೆಸರಿನಲ್ಲಿ ಕಾಗದವಾಗುತ್ತದೆ ಎಂಬ ಭಯ ಸುಮ್ನೆ ಬಂದದ್ದಲ್ಲ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ಕೊಟ್ಟಿದ್ದರು, ನಮ್ಮವರು ಹೋರಾಡಿ 1997ರಲ್ಲಿ ರದ್ದಾಯಿತು. ಕ್ವೀನ್ಸ್‌ಲ್ಯಾಂಡ್ ತನ್ನ ಜೈವಿಕ ಸಂಶೋಧನೆಯ ಕಾನೂನಿಗೆ 2020ರಲ್ಲಿ ತಿದ್ದುಪಡಿ ತಂದು, ಮೂಲನಿವಾಸಿಗಳ ತಿಳಿವಳಿಕೆ ಬಳಸುವುದಾದರೆ ಅವರ ಜೊತೆ ಒಪ್ಪಂದ ಮಾಡಿಕೊಳ್ಳಲೇಬೇಕು ಎಂದಿತು. ಅಲ್ಲಿಯವರೆಗೆ ಕೇಳುವವರಿರಲಿಲ್ಲ.

ಇದಕ್ಕೆ ಇನ್ನೂ ಒಂದು ಕಾರಣ ಇದೆ, ಅದು ನಡಿಗೆ ಮುಗಿದ ಮೇಲೆ ನಿಮ್ಮ ತಟ್ಟೆಯಲ್ಲೇ ಇತ್ತು. ಚಹಾ ಮತ್ತು ಡ್ಯಾಂಪರ್ ಕೊಟ್ಟರಲ್ಲ? ಡ್ಯಾಂಪರ್ ಅಂದರೆ ಗೋಧಿಹಿಟ್ಟಿನ ದಪ್ಪ ರೊಟ್ಟಿ. ಬಂದವರೆಲ್ಲ ಅದನ್ನು ಆದಿವಾಸಿ ಊಟ ಎಂದುಕೊಂಡು ಫೋಟೊ ತೆಗೆಯುತ್ತಾರೆ. ಗೋಧಿ ಆ ಕಾಡಿನದ್ದಲ್ಲ. ನೆಲ ಕಳೆದುಕೊಂಡ ಜನರನ್ನು ಪಾದ್ರಿಗಳು ನಡೆಸುತ್ತಿದ್ದ ಮಿಷನ್‌ಗಳಿಗೆ, ಸರ್ಕಾರಿ ವಸತಿಗಳಿಗೆ ಸೇರಿಸಿ ಹಿಟ್ಟು, ಸಕ್ಕರೆ, ಚಹಾಪುಡಿ ರೇಷನ್ ಕೊಟ್ಟ ಕಾಲದಿಂದ ಬಂದದ್ದು. ಅಂಗಡಿ ಹಿಟ್ಟು ಇರುವಾಗ ವಾರಗಟ್ಟಲೆ ತೊರೆಯಲ್ಲಿ ಬೀಜ ನೆನೆಸುವವರು ಯಾರು? ಅಜ್ಜಿಯರು ಮಾಡುತ್ತಿದ್ದರು ಎಂದು ಗೈಡ್ ಹೇಳಿದ್ದು ಅದಕ್ಕೇ. ಮಿಷನ್‌ಗಳಲ್ಲಿ ಭಾಷೆಯ ಬಳಕೆಯನ್ನೇ ತಡೆದದ್ದುಂಟು. ಅಷ್ಟೆಲ್ಲ ದಾಟಿ ಉಳಿದದ್ದನ್ನು ಅವರು ಎರಡು ಗಂಟೆಯೊಳಗೆ ನಮಗೆ ತೋರಿಸುತ್ತಾರೆ. ತೋರಿಸದೆ ಬಿಟ್ಟದ್ದನ್ನು ತಮಗೇ ಇಟ್ಟುಕೊಳ್ಳಲಿ ಬಿಡಿ. ಅಂದಹಾಗೆ ಡೇನ್‌ಟ್ರೀ ರಾಷ್ಟ್ರೀಯ ಉದ್ಯಾನದ ಒಡೆತನವನ್ನು 2021ರ ಸೆಪ್ಟೆಂಬರ್‌ನಲ್ಲಿ ಪೂರ್ವ ಕುಕು ಯಲಂಜಿ ಜನರಿಗೆ ವಾಪಸ್ ಕೊಟ್ಟರು. ಈಗ ಸರ್ಕಾರ ಮತ್ತು ಅವರು ಸೇರಿ ನೋಡಿಕೊಳ್ಳುತ್ತಾರೆ.

ನಡಿಗೆಯಲ್ಲಿ ಸಾಮಾನ್ಯವಾಗಿ ಯಾರೂ ಗಮನ ಕೊಡದ ಒಂದು ವಿಷಯ ಅವರ ಋತುಗಳು. ನಮಗೆ ಆರು, ಅವರಿಗೆ ಐದು. ನೀವು ಹೋದ ಜುಲೈ ಅವರ ಬುಲುರಿಜಿ, ಚಳಿಯ ಕಾಲ. ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗಿನ ಜಡಿಮಳೆ ಕಂಬಾರ್. ಋತು ಬಂತೆಂದು ಹೇಳುವುದು ಕ್ಯಾಲೆಂಡರ್ ಅಲ್ಲ, ಗಿಡಗಳು. ಜುನ್ ಜುನ್ ಎಂಬ ನೀಲಿ ಶುಂಠಿ ಹಣ್ಣು ಬಿಟ್ಟರೆ ದಿವಾನ್ ಹಿಡಿಯುವ ಹೊತ್ತು. ಗಾಬರಿ ಬೇಡ, ಮೈಸೂರಿನ ದಿವಾನರಿಗೂ ಇದಕ್ಕೂ ಸಂಬಂಧವಿಲ್ಲ. ದಿವಾನ್ ಅಂದರೆ ಕುಕು ಯಲಂಜಿ ಭಾಷೆಯಲ್ಲಿ ಕಾಡಿನ ಟರ್ಕಿಕೋಳಿ. ಒಂದು ಜಾತಿಯ ಚಾಪೆಹುಲ್ಲು ಹೂ ಬಿಟ್ಟರೆ ಜರ್ರುಕ ಎಂಬ ಇನ್ನೊಂದು ಕಾಡುಕೋಳಿಯ ಮೊಟ್ಟೆ ಹುಡುಕುವ ಹೊತ್ತು. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂದು ನಮ್ಮ ರೈತರು ಹೇಳುವುದೂ ಇದೇ ಧಾಟಿ. ಹಾಗಾಗಿ ಚಾಪೆಹುಲ್ಲಿನ ಉಪಯೋಗ ಏನು ಎಂದು ಕೇಳಿದರೆ, ಬುಟ್ಟಿ ಹೆಣೆಯುವುದು ಎಂದು ಮಾತ್ರ ಬರೆದುಕೊಂಡರೆ ಅರ್ಧ ಬಿಟ್ಟ ಹಾಗೆ. ಹೂ ಬಿಟ್ಟು ಸುದ್ದಿ ಹೇಳುವುದೂ ಅದರ ಉಪಯೋಗವೇ.

ಕೊನೆಗೆ, ನಮ್ಮಲ್ಲಿ ಬೆಳೆಸಬಹುದಾ? ಬೆಳೆಸಿಬಿಟ್ಟಿದ್ದೇವಲ್ಲ, ಬೇಕಾದ್ದಕ್ಕಿಂತ ಜಾಸ್ತಿಯೇ! ಟಿಪ್ಪು ಕಾಲದಲ್ಲಿ ನಂದಿಬೆಟ್ಟಕ್ಕೆ ಬಂತೆನ್ನುವ ನೀಲಗಿರಿ, ಕೊಡಗು-ಚಿಕ್ಕಮಗಳೂರಿನ ಕಾಫಿತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಮರ, ಕರಾವಳಿ-ಮಲೆನಾಡಿನ ಗುಡ್ಡಗಳಲ್ಲಿ ಅರಣ್ಯ ಇಲಾಖೆ ನೆಟ್ಟ ಅಕೇಶಿಯಾ, ಎಲ್ಲವೂ ಆಸ್ಟ್ರೇಲಿಯಾ ಕಡೆಯವು. ಮರ ಬಂತು, ಅದರ ಜೊತೆಗಿದ್ದ ತಿಳಿವಳಿಕೆ ಬರಲಿಲ್ಲ. ನಮಗೆ ಸಿಲ್ವರ್ ಅಂದರೆ ನೆರಳು ಮತ್ತು ಪ್ಲೈವುಡ್. ಅದರ ಊರಿನಲ್ಲಿ ಜನ ಆ ಕಿತ್ತಳೆ ಬಣ್ಣದ ಬಾಚಣಿಗೆ ಹೂವಿನ ಜೇನನ್ನು ಕೈಗೆ ಕೊಡವಿಕೊಂಡು ನೆಕ್ಕುತ್ತಿದ್ದರು, ನೀರಿನಲ್ಲಿ ಅದ್ದಿ ಪಾನಕ ಮಾಡುತ್ತಿದ್ದರು. ನೀಲಗಿರಿ ನೀರು ಕುಡಿಯುತ್ತದೆ ಎಂದು ಬೈದು 2017ರಲ್ಲಿ ಕರ್ನಾಟಕ ಸರ್ಕಾರ ಅದರ ನೆಡುವಿಕೆಯನ್ನೇ ನಿಷೇಧಿಸಿತು. ತಪ್ಪು ಮರದ್ದಲ್ಲ ಎಂದು ನಾನು ವಾದಿಸುತ್ತಾ ಬಂದಿದ್ದೇನೆ, ಕೇಳುವವರು ಕಡಿಮೆ.

ತಿಳಿವಳಿಕೆಯೂ ಜೊತೆಗೆ ಹೋದ ಉದಾಹರಣೆ ಒಂದಿದೆ. ಆಫ್ರಿಕಾದ ನೈಜರ್ ದೇಶದ ಮರಾಡಿ ಭಾಗದಲ್ಲಿ ಗಾಳಿ ತಡೆಗೆಂದು, ಸೌದೆಗೆಂದು ಆಸ್ಟ್ರೇಲಿಯಾದ ಕೆಲವು ಅಕೇಶಿಯಾ ಜಾತಿಗಳನ್ನು ನೆಟ್ಟಿದ್ದರು. ಆ ಬೀಜಗಳನ್ನು ಮೂಲನಿವಾಸಿಗಳು ಹುರಿದು ಬೀಸಿ ತಿನ್ನುತ್ತಿದ್ದರು ಎಂಬುದು ಆಮೇಲೆ ಅಲ್ಲಿಗೆ ತಲುಪಿತು. ಈಗ ಆ ಬರದ ನಾಡಿನ ಹಳ್ಳಿಗಳಲ್ಲಿ ಅಕೇಶಿಯಾ ಹಿಟ್ಟು ಸೇರಿಸಿ ಅಡುಗೆ ಮಾಡುವವರಿದ್ದಾರೆ. ಇದನ್ನು ಓದಿ ನಮ್ಮ ರಸ್ತೆ ಬದಿಯ ಅಕೇಶಿಯಾ ಬೀಜ ಹುರಿಯಲು ಹೋಗಬೇಡಿ, ಅದು ಬೇರೆ ಜಾತಿ. ಎಲ್ಲ ಅಕೇಶಿಯಾ ತಿನ್ನುವಂಥದ್ದಲ್ಲ.

ನಿಮ್ಮ ಬ್ಲ್ಯಾಕ್ ಬೀನ್ ಮೈಸೂರಿನ ಹವೆಯಲ್ಲಿ ಬೆಳೆದೀತು, ಆದರೆ ದನಕರು ಓಡಾಡುವ ತೋಟದಲ್ಲಿ ಬೇಡ. ಆಸೆಯಿದ್ದರೆ ಮುಂದಿನ ಸಲ ಬೆಂಗಳೂರಿಗೆ ಬಂದಾಗ ಕಬ್ಬನ್ ಪಾರ್ಕಿಗೆ ಹೋಗಿ. ಅಲ್ಲಿ ಆ ಮರ ಇದೆ, ಹಿಂದೆ ಯಾರೋ ಅಂದಕ್ಕೆಂದು ತಂದು ನೆಟ್ಟದ್ದು. ಕಾಯಿ ಒಡೆಯುವ ಕಾಲವಾದರೆ ಕೆಳಗೆ ಬೀಜ ಬಿದ್ದಿರುತ್ತದೆ. ಅದೇ ನುಣುಪು, ಅದೇ ಹೊಳಪು. ಮೊಮ್ಮಕ್ಕಳು ಜೊತೆಗಿದ್ದರೆ ಅವರ ಕೈಗೂ ಕೊಡಿ, ಬಾಯಿಗೆ ಹಾಕಿಕೊಳ್ಳಲು ಬಿಡಬೇಡಿ, ಹೊರಡುವ ಮೊದಲು ಕೈ ತೊಳೆಸಿ.